ಎರಡನೆಯ ಬೀಗದಕೈ

ಹೋದ ತಿಂಗಳು ಒಂದು ದಿನ ಬೆಳಿಗ್ಗೆ ಕಾಫಿ ಮುಗಿಸಿ, ಕಂಪ್ಯೂಟರ್ ಮುಂದೆ ಕೂತು ಮೇಲ್ ತೆರೆದೆ. ನಮ್ಮ ಅಕೌಂಟೆಂಟ್ ಸಾರ್ ಹೆಸರಿನಿಂದ ಒಂದು ಪತ್ರ ಬಂದಿತ್ತು. ಇಂಗ್ಲಿಷಿನಲ್ಲಿತ್ತು. ಅದರ ಸಾರಾಂಶ ಇಷ್ಟು: ‘ಪ್ರಿಯ ಗೆಳೆಯ, ಆಸ್ಪತ್ರೆಯಲ್ಲಿದ್ದೇನೆ. ಫೋನಿನಲ್ಲಿ ಮಾತನಾಡುವ ಸ್ಥಿತಿಯಲ್ಲಿಲ್ಲ. ತುರ್ತಾಗಿ 25,000 ರೂಪಾಯಿ ಬೇಕಾಗಿದೆ. ಕೆಳಗಿನ ಖಾತೆಗೆ ಹಾಕಿ. ಎರಡೇ ದಿನದಲ್ಲಿ ಹಿಂದಿರುಗಿಸುತ್ತೇನೆ.’

ಅಕೌಂಟೆಂಟ್ ಸಾರ್ ಯಾರೆಂದು ಹೇಳಬೇಕು. ತಿಪಟೂರಿನ ಶಾಖೆಯಲ್ಲಿ ಅವರು ಅಕೌಂಟೆಂಟ್, ನಾನು ಹೆಡ್ ಕ್ಯಾಷಿಯರ್. 6 ವರ್ಷ ಒಂದೇ ತಿಜೋರಿಯ ಎರಡು ಬೀಗದಕೈಗಳನ್ನು ನಾವಿಬ್ಬರು ಇಟ್ಟುಕೊಂಡಿದ್ದೆವು. ಈಗ ಇಬ್ಬರೂ ಮೈಸೂರಿನಲ್ಲಿದ್ದೇವೆ. ಅವರು ಕುವೆಂಪುನಗರದಲ್ಲಿ, ನಾನು ಸರಸ್ವತಿಪುರದಲ್ಲಿ. ಅಂಥವರು ಆಸ್ಪತ್ರೆಯಲ್ಲಿದ್ದಾರೆ ಎಂದರೆ ಹೇಗಾಗಬೇಡ? ಪಂಚೆ ಬಿಚ್ಚಿ ಪ್ಯಾಂಟು ಹಾಕಿಕೊಂಡು, ಚೆಕ್ ಪುಸ್ತಕ ಕೈಯಲ್ಲಿ ಹಿಡಿದು ಬ್ಯಾಂಕಿಗೆ ಹೊರಟೇಬಿಟ್ಟೆ.

ಗೇಟಿನ ಹತ್ತಿರ ಬಂದಾಗ ಮನಸ್ಸಿನಲ್ಲಿ ಏನೋ ಕೊರೆಯತೊಡಗಿತು. ಈ ಮನುಷ್ಯ ಜನ್ಮದಲ್ಲಿ ನನ್ನನ್ನು ‘ಪ್ರಿಯ ಗೆಳೆಯ’ ಎಂದವರಲ್ಲ. ನಿವೃತ್ತರಾಗಿ ಇಷ್ಟು ವರ್ಷವಾದರೂ ಅವರ ಬಾಯಲ್ಲಿ ನಾನು ‘ಕ್ಯಾಷಿಯರ್ರೇ’. ಅಲ್ಲೇ ನಿಂತು ಅವರಿಗೆ ಫೋನ್ ಮಾಡಿದೆ. ಎರಡನೆಯ ರಿಂಗಿಗೇ ಎತ್ತಿದರು.

“ಏನು ಕ್ಯಾಷಿಯರ್ರೇ, ಇಷ್ಟು ಬೆಳಿಗ್ಗೆ?”

“ಸಾರ್, ನೀವು ಆಸ್ಪತ್ರೇಲಿದ್ದೀರಂತೆ?”

“ನಾನಾ? ನಾನು ದೋಸೆ ತಿಂತಿದ್ದೀನಿ.”

ಸಂಜೆಯ ಹೊತ್ತಿಗೆ ಎಲ್ಲ ತಿಳಿಯಿತು. ಯಾರೋ ಕಳ್ಳ ಅವರ ಮೇಲ್ ಖಾತೆಯೊಳಗೆ ನುಗ್ಗಿ, ವಿಳಾಸ ಪಟ್ಟಿಯಲ್ಲಿದ್ದವರಿಗೆಲ್ಲ ಅದೇ ಪತ್ರ ಕಳಿಸಿದ್ದ. ನಮ್ಮ ಇನ್ನೊಬ್ಬ ಹಳೆಯ ಸಹೋದ್ಯೋಗಿ ನಂಬಿ 25,000 ರೂಪಾಯಿ ಹಾಕಿಯೂ ಬಿಟ್ಟಿದ್ದರು. ಕೂಡಲೇ ಅವರಿಂದ 1930ಕ್ಕೆ ಫೋನ್ ಮಾಡಿಸಿದೆವು. ಮಕ್ಕಳೇ, ಈ ಸಂಖ್ಯೆಯನ್ನು ನೆನಪಿಡಿ. ಆನ್‌ಲೈನಿನಲ್ಲಿ ಹಣ ಹೋದರೆ ದೂರು ಕೊಡಲು ದೇಶಕ್ಕೆಲ್ಲ ಇರುವ ಸಂಖ್ಯೆ ಅದು. ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು.

ಆದರೆ ದೊಡ್ಡ ನಷ್ಟ ಹಣದ್ದಲ್ಲ. ಕಳ್ಳ ಪಾಸ್‌ವರ್ಡ್ ಬದಲಾಯಿಸಿದ್ದ. ಖಾತೆ ಮರಳಿ ಪಡೆಯಲು ಕೊಟ್ಟಿದ್ದ ಮೊಬೈಲ್ ಸಂಖ್ಯೆಯನ್ನೂ ಬದಲಾಯಿಸಿದ್ದ. ಎರಡು ವಾರ ಏನೇನೋ ಪ್ರಯತ್ನ ಮಾಡಿದರೂ ಅಕೌಂಟೆಂಟ್ ಸಾರ್ ತಮ್ಮ ಖಾತೆಗೇ ತಾವು ಹೊರಗಿನವರಾಗಿ ಉಳಿದರು. ಆಗ ಒಂದು ದಿನ ನಮ್ಮ ಮನೆಯ ಜಗುಲಿಯ ಮೇಲೆ ಕೂತು ಹೇಳಿದರು:

“ದುಡ್ಡು ಹೋಗಿದ್ದಿದ್ರೆ ಹೋಯ್ತು ಅಂತ ಸುಮ್ಮನಾಗ್ತಿದ್ದೆ ಕ್ಯಾಷಿಯರ್ರೇ. ನಮ್ಮಾಕೆ ಮಗನಿಗೆ ಬರೆಸಿದ ಕಾಗದಗಳೆಲ್ಲ ಅದರಲ್ಲೇ ಇದ್ವು.”

ಅವರ ಶ್ರೀಮತಿ ತೀರಿಕೊಂಡು 3 ವರ್ಷವಾಯಿತು. ಆಕೆಗೆ ಟೈಪ್ ಮಾಡಲು ಬರುತ್ತಿರಲಿಲ್ಲ. ಭಾನುವಾರ ರಾತ್ರಿ ಆಕೆ ಹೇಳುತ್ತಾ ಹೋಗುವುದು, ಇವರು ಟೈಪ್ ಮಾಡಿ ಅಮೆರಿಕದಲ್ಲಿದ್ದ ಮಗನ ಆಫೀಸಿನ ಮೇಲ್‌ಗೆ ಕಳಿಸುವುದು. ಮಗ ಆ ಕಂಪನಿ ಬಿಟ್ಟು ಎಷ್ಟೋ ವರ್ಷ. ಅಲ್ಲಿಯ ಮೇಲ್ ಎಂದೋ ಹೋಯಿತು. ಪ್ರತಿ ಉಳಿದಿದ್ದದ್ದು ಇವರ ಖಾತೆಯಲ್ಲಿ ಮಾತ್ರ.

“ಪಾಸ್‌ವರ್ಡ್ ಏನಿಟ್ಟಿದ್ದಿರಿ ಸಾರ್?” ಎಂದು ಮೆಲ್ಲಗೆ ಕೇಳಿದೆ. ಮೊಮ್ಮಗನ ಹೆಸರು, ಅವನು ಹುಟ್ಟಿದ ವರ್ಷ. ಅದನ್ನೇ ಆರು ಕಡೆ ಇಟ್ಟಿದ್ದರಂತೆ. ನಾನು ಬಯ್ಯಲಿಲ್ಲ. ಏಕೆಂದರೆ ನನ್ನದು ಮೊಮ್ಮಗಳ ಹೆಸರು, ಅವಳು ಹುಟ್ಟಿದ ವರ್ಷ.

ಅವರು ಹೋದ ಮೇಲೆ ಒಂಬತ್ತನೆಯ ತರಗತಿಯ ನಮ್ಮ ಪುಟ್ಟಿಯನ್ನು ಕರೆದೆ. ಅವಳು ಮೊದಲು ನನ್ನಿಂದ ಹೊಸ ಪಾಸ್‌ವರ್ಡ್ ಹಾಕಿಸಿದಳು, ಉದ್ದನೆಯದು, ಯಾರ ಹೆಸರೂ ಇಲ್ಲದ್ದು. ಟೈಪ್ ಮಾಡುವಾಗ ತಾನೇ ಮುಖ ಆ ಕಡೆ ತಿರುಗಿಸಿಕೊಂಡಳು. ಆಮೇಲೆ ಹೇಳಿದಳು: “ತಾತ, ಇಷ್ಟು ಸಾಲದು. ಇದು ಒಂದೇ ಬೀಗ. ಎರಡನೇದು ಹಾಕಬೇಕು.”

ಎರಡು ಬೀಗದ ವಿಷಯ ನನಗೆ ಅವಳು ಹೇಳಿಕೊಡಬೇಕೆ? ಬ್ಯಾಂಕಿನ ತಿಜೋರಿಗೆ ಎರಡು ಬೀಗ ಇರುತ್ತವೆ. ಒಂದರ ಬೀಗದಕೈ ಕ್ಯಾಷಿಯರ್ ಹತ್ತಿರ, ಇನ್ನೊಂದು ಅಧಿಕಾರಿಯ ಹತ್ತಿರ. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ನಿಂತರೆ ಮಾತ್ರ ಬಾಗಿಲು ತೆರೆಯುತ್ತದೆ. ಇದಕ್ಕೆ ಜಾಯಿಂಟ್ ಕಸ್ಟಡಿ ಎನ್ನುತ್ತೇವೆ. ಒಮ್ಮೆ ಕೊಬ್ಬರಿ ಹರಾಜಿನ ದಿನ ಅಕೌಂಟೆಂಟ್ ಸಾರ್ ಬಂದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಕೌಂಟರ್ ಮುಂದೆ ಮಂಡಿಯವರು, ರೈತರು ತುಂಬಿದ್ದರು. ನನ್ನ ಬೀಗದಕೈ ನನ್ನ ಜೇಬಿನಲ್ಲೇ ಇತ್ತು. ಒಂದು ಗಂಟೆ ಹೊತ್ತು ಬೈಗುಳ ತಿಂದೆನೇ ಹೊರತು ಒಂದು ರೂಪಾಯಿ ಹೊರಗೆ ತೆಗೆಯಲಾಗಲಿಲ್ಲ. ಆ ದಿನ ಆ ಪದ್ಧತಿಯ ಮೇಲೆ ಸಿಟ್ಟು ಬಂದಿತ್ತು. ಆದರೆ ನನ್ನನ್ನು ಯಾರಾದರೂ ಹೆದರಿಸಿ ಬೀಗದಕೈ ಕಿತ್ತುಕೊಂಡಿದ್ದರೆ ಅವರಿಗೂ ಅದೇ ಗತಿಯಾಗುತ್ತಿತ್ತಲ್ಲವೆ?

ಮೇಲ್ ಖಾತೆಗೂ ಇದೇ ಏರ್ಪಾಡು. ಮೊದಲ ಬೀಗದಕೈ ನಿಮ್ಮ ತಲೆಯಲ್ಲಿರುವ ಪಾಸ್‌ವರ್ಡ್. ಎರಡನೆಯದು ನಿಮ್ಮ ಕೈಯಲ್ಲಿರುವ ಫೋನು. ಟೂ ಫ್ಯಾಕ್ಟರ್ ಅಥೆಂಟಿಕೇಶನ್ ಎಂಬ ದೊಡ್ಡ ಹೆಸರಿನ ಅರ್ಥ ಇಷ್ಟೇ. ಕನ್ನಡದಲ್ಲಿ ಎರಡು ಹಂತದ ಪರಿಶೀಲನೆ ಎನ್ನುತ್ತಾರೆ. ಪಾಸ್‌ವರ್ಡ್ ಕದ್ದ ಕಳ್ಳ ದೂರದೂರಿನಲ್ಲಿ ಕೂತಿದ್ದರೆ ನಿಮ್ಮ ಜೇಬಿನ ಫೋನು ಅವನಿಗೆ ಸಿಗುವುದಿಲ್ಲ.

“ಬ್ಯಾಂಕಿನವರು ಓಟಿಪಿ ಕಳಿಸ್ತಾರಲ್ಲ, ಅದೇ ತಾನೆ?” ಎಂದೆ. ಆನ್‌ಲೈನಿನಲ್ಲಿ ಕಾರ್ಡ್ ಬಳಸುವಾಗ ಎರಡನೆಯ ಖಾತ್ರಿ ಬೇಕೇಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದ್ದು 2009ರಲ್ಲಿ. ನಾನಿನ್ನೂ ಕೆಲಸದಲ್ಲಿದ್ದೆ.

“ಅದೇ ಜಾತಿ ತಾತ, ಆದ್ರೆ ಇದು ಇನ್ನೂ ಗಟ್ಟಿ. ಓಟಿಪಿ ಎಸ್ಸೆಮ್ಮೆಸ್‌ನಲ್ಲಿ ಎಲ್ಲಿಂದಲೋ ಬರಬೇಕು. ನಿಮ್ಮ ಹೆಸರಲ್ಲಿ ಯಾರಾದ್ರೂ ಮೋಸದಿಂದ ಇನ್ನೊಂದು ಸಿಮ್ ತಗೊಂಡ್ರೆ ಎಸ್ಸೆಮ್ಮೆಸ್ ಅವರಿಗೇ ಹೋಗುತ್ತೆ. ಇದು ಎಲ್ಲಿಂದಲೂ ಬರಲ್ಲ. ನಿಮ್ಮ ಫೋನಲ್ಲೇ ಹುಟ್ಟುತ್ತೆ.”

ಸರಿ, ಕೆಲಸ ಶುರುವಾಯಿತು. ನಿಮಗೂ ಉಪಯೋಗವಾಗಲೆಂದು ನಾವು ಮಾಡಿದ ಕ್ರಮವನ್ನೇ ಬರೆಯುತ್ತೇನೆ. ನನ್ನದು ಗೂಗಲ್ ಖಾತೆ. ಬೇರೆ ಖಾತೆಗಳಲ್ಲೂ ದಾರಿ ಹೆಚ್ಚು ಕಡಿಮೆ ಹೀಗೇ ಇರುತ್ತದೆ.

ಮೊದಲು ಫೋನಿನಲ್ಲಿ ಅಥೆಂಟಿಕೇಟರ್ ಆ್ಯಪ್ ಹಾಕಿಕೊಂಡೆವು. ಗೂಗಲ್ ಅಥೆಂಟಿಕೇಟರ್, ಮೈಕ್ರೋಸಾಫ್ಟ್ ಅಥೆಂಟಿಕೇಟರ್ ಎರಡೂ ಉಚಿತ. ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನಿಂದಲೇ ಹಾಕಿಕೊಳ್ಳಿ. ತಯಾರಿಸಿದವರ ಹೆಸರು ನೋಡಿ. ಹೋಲುವ ಹೆಸರಿನವು ಬೇರೆ ಇರುತ್ತವೆ.

ಎರಡನೆಯದಾಗಿ, ಕಂಪ್ಯೂಟರಿನಲ್ಲಿ ನನ್ನ ಖಾತೆ ತೆರೆದು, ಅದರಲ್ಲಿ ಭದ್ರತೆ ಎಂಬ ವಿಭಾಗಕ್ಕೆ ಹೋಗಿ, ಎರಡು ಹಂತದ ಪರಿಶೀಲನೆಯನ್ನು ಒತ್ತಿದೆವು. ಮತ್ತೊಮ್ಮೆ ಪಾಸ್‌ವರ್ಡ್ ಕೇಳಿತು. ಅಲ್ಲಿ ಅಥೆಂಟಿಕೇಟರ್ ಆಯ್ಕೆ ಮಾಡಿದಾಗ ಪರದೆಯ ಮೇಲೆ ಕಪ್ಪು ಬಿಳುಪಿನ ಕ್ಯೂಆರ್ ಕೋಡ್ ಮೂಡಿತು, ತರಕಾರಿ ಗಾಡಿಯ ಮೇಲೆ ಅಂಟಿಸಿರುತ್ತಾರಲ್ಲ, ಅಂಥದ್ದು. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿಯವರು ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಕಂಡುಹಿಡಿದದ್ದು ಈಗ ಸೊಪ್ಪಿನವಳ ಬುಟ್ಟಿಯವರೆಗೂ ಬಂದಿದೆ.

ಮೂರನೆಯದಾಗಿ, ಆ್ಯಪ್ ತೆರೆದು ಕೂಡಿಸು ಗುರುತನ್ನು ಒತ್ತಿ, ಫೋನಿನ ಕ್ಯಾಮೆರಾವನ್ನು ಆ ಚೌಕದ ಮುಂದೆ ಹಿಡಿದೆ. ತಟ್ಟನೆ ನನ್ನ ಖಾತೆಯ ಹೆಸರೂ, ಕೆಳಗೆ ಆರು ಅಂಕಿಯ ಸಂಖ್ಯೆಯೂ ಬಂದವು. ಪಕ್ಕದಲ್ಲಿ ಒಂದು ಪುಟ್ಟ ವೃತ್ತ ಕರಗುತ್ತಾ ಹೋಗುತ್ತಿತ್ತು. ಅದು ಪೂರ್ತಿ ಕರಗಿದೊಡನೆ ಹಳೆಯ ಸಂಖ್ಯೆ ಹೋಗಿ ಹೊಸದು ಬಂತು. ಒಂದೊಂದು ಸಂಖ್ಯೆಯ ಆಯುಷ್ಯ 30 ಸೆಕೆಂಡು. ಕಂಪ್ಯೂಟರ್ ಇಲ್ಲದವರು ಫೋನಿನಲ್ಲೇ ಮಾಡಬಹುದು. ಆಗ ಕ್ಯೂಆರ್ ಬದಲು ಅಕ್ಷರಗಳ ಉದ್ದನೆಯ ಕೀ ಒಂದನ್ನು ಕೇಳಿ ಪಡೆದು ಆ್ಯಪಿನಲ್ಲಿ ಟೈಪ್ ಮಾಡಬೇಕು.

ನಾಲ್ಕನೆಯದಾಗಿ, ಆ ಆರು ಅಂಕಿಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಬೇಕು. ಮಾಡಿದೆ. ‘ತಪ್ಪು ಕೋಡ್’ ಎಂದಿತು. ಮತ್ತೆ ಮಾಡಿದೆ. ಮತ್ತೆ ತಪ್ಪು. ನನ್ನ ಬೆರಳು ನಿಧಾನ ಎಂದು ಪುಟ್ಟಿ ತಾನೇ ಟೈಪ್ ಮಾಡಿದಳು. ಆಗಲೂ ತಪ್ಪು. ಸಂಖ್ಯೆ ಸೊನ್ನೆಯಿಂದ ಶುರುವಾದರೆ ಆ ಸೊನ್ನೆಯನ್ನೂ ಹಾಕಬೇಕು. ಅದನ್ನೂ ಬಿಟ್ಟಿರಲಿಲ್ಲ.

ಪುಟ್ಟಿ ನನ್ನ ಫೋನನ್ನೂ ಕಂಪ್ಯೂಟರನ್ನೂ ಒಮ್ಮೆ ನೋಡಿದಳು. “ತಾತ, ನಿಮ್ಮ ಫೋನಲ್ಲಿ ಆರೂ ಇಪ್ಪತ್ತೈದು. ಇಲ್ಲಿ ಆರೂ ಇಪ್ಪತ್ತು.”

ನಮ್ಮ ತಂದೆಯವರ ಕಾಲದಿಂದಲೂ ನಮ್ಮ ಮನೆಯ ಗೋಡೆ ಗಡಿಯಾರ 5 ನಿಮಿಷ ಮುಂದೆ. ಬಸ್ಸು ತಪ್ಪಬಾರದು ಎಂದು. ಫೋನು ಕೊಂಡಾಗ ಅದನ್ನೂ ಹಾಗೇ ತಿರುಗಿಸಿ ಇಟ್ಟಿದ್ದೆ. ಪುಟ್ಟಿ ಹಣೆ ಚಚ್ಚಿಕೊಂಡಳು. ಸೆಟ್ಟಿಂಗ್ಸ್‌ಗೆ ಹೋಗಿ ಸಮಯ ತಾನಾಗಿಯೇ ಹೊಂದಿಕೊಳ್ಳುವಂತೆ ಮಾಡಿದಳು. ಈ ಸಲ ಸಂಖ್ಯೆ ಹಾಕಿದೊಡನೆ ಹಸಿರು ಗುರುತು ಬಂತು.

“ಗಡಿಯಾರಕ್ಕೂ ಇದಕ್ಕೂ ಏನೇ ಸಂಬಂಧ?” ಎಂದೆ. ಅವಳು ವಿವರಿಸಿದ್ದನ್ನು ಕೇಳುತ್ತಾ ಕೇಳುತ್ತಾ ನಾನು ತಿಪಟೂರಿಗೆ ಹೋಗಿಬಿಟ್ಟೆ.

ಆಗ ಕೊಬ್ಬರಿ ವ್ಯಾಪಾರಿಗಳಿಗೆ ಉತ್ತರದ ಊರುಗಳಿಂದ ಹಣ ತಂತಿಯ ಮೂಲಕ ಬರುತ್ತಿತ್ತು. ಟಿ.ಟಿ. ಎನ್ನುತ್ತಿದ್ದೆವು. ಇಂಥವರಿಗೆ ಇಷ್ಟು ಕೊಡಿ ಎಂದು ಬೇರೆ ಶಾಖೆಯಿಂದ ಟೆಲಿಗ್ರಾಂ ಬರುವುದು. ಅದು ನಿಜವಾಗಿ ನಮ್ಮ ಬ್ಯಾಂಕಿನದೇ ಎಂದು ನಂಬುವುದು ಹೇಗೆ? ತಂತಿ ಕಚೇರಿಗೆ ಹೋಗಿ ಯಾರು ಬೇಕಾದರೂ ಕಳಿಸಬಹುದಲ್ಲ. ಅದಕ್ಕೇ ತಂತಿಯಲ್ಲಿ ಒಂದು ಗುಟ್ಟಿನ ಸಂಖ್ಯೆ ಇರುತ್ತಿತ್ತು. ಎರಡೂ ಕಡೆ ಒಂದೇ ಕೋಡ್ ಪುಸ್ತಕ ಬೀರುವಿನಲ್ಲಿ ಭದ್ರವಾಗಿರುತ್ತಿತ್ತು. ತಾರೀಖಿಗೆ ಇಷ್ಟು, ಮೊತ್ತಕ್ಕೆ ಇಷ್ಟು ಎಂದು ಅದರಿಂದ ಅಂಕಿ ತೆಗೆದು ಕೂಡಿಸಿ ಆ ಕಡೆಯ ಅಧಿಕಾರಿ ಸಂಖ್ಯೆ ಬರೆಯುವರು. ಈ ಕಡೆ ಅಕೌಂಟೆಂಟ್ ಸಾರ್ ನಮಗೆ ಬೆನ್ನು ತಿರುಗಿಸಿ ಕೂತು ಅದೇ ಲೆಕ್ಕ ಮಾಡುವರು. ಎರಡೂ ತಾಳೆಯಾದರೆ ಹಣ. ಪುಸ್ತಕ ಮಾತ್ರ ಎಂದೂ ತಂತಿಯಲ್ಲಿ ಪ್ರಯಾಣ ಮಾಡುತ್ತಿರಲಿಲ್ಲ. 2013ರ ಜುಲೈನಲ್ಲಿ ದೇಶದಲ್ಲಿ ತಂತಿ ಸೇವೆಯೇ ನಿಂತುಹೋಯಿತು.

ಅಥೆಂಟಿಕೇಟರ್ ಮಾಡುವುದೂ ಇದನ್ನೇ. ಆ ಕ್ಯೂಆರ್ ಚೌಕದೊಳಗೆ ಇದ್ದದ್ದು ಒಂದು ಗುಟ್ಟಿನ ಕೀ, ನಮ್ಮ ಕೋಡ್ ಪುಸ್ತಕದ ಹಾಗೆ. ಅದರ ಒಂದು ಪ್ರತಿ ಖಾತೆಯವರ ಕಂಪ್ಯೂಟರಿನಲ್ಲಿ, ಇನ್ನೊಂದು ನನ್ನ ಫೋನಿನಲ್ಲಿ. ತಾರೀಖಿನ ಬದಲು ಇಲ್ಲಿ ಸಮಯ. 1970ರ ಜನವರಿ 1ರಂದು ನಮ್ಮ ಭಾರತದ ಗಡಿಯಾರದಲ್ಲಿ ಬೆಳಿಗ್ಗೆ ಐದೂವರೆ ಆದಾಗಿನಿಂದ ಎಷ್ಟು ಸೆಕೆಂಡು ಕಳೆದಿವೆ ಎಂದು ಎಣಿಸಿ, ಅದನ್ನು 30ರಿಂದ ಭಾಗಿಸುತ್ತದೆ. ಬಂದ ಸಂಖ್ಯೆಯನ್ನೂ ಗುಟ್ಟಿನ ಕೀಯನ್ನೂ ಬೆರೆಸಿ ಆರು ಅಂಕಿ ತೆಗೆಯುತ್ತದೆ. ಎರಡೂ ಕಡೆ ಒಂದೇ ಲೆಕ್ಕ, ಒಂದೇ ಉತ್ತರ. ಒಂದು ದಿನಕ್ಕೆ ಇಂಥ 2,880 ಸಂಖ್ಯೆಗಳು. ನನ್ನ ಫೋನು 5 ನಿಮಿಷ ಮುಂದಿದ್ದುದರಿಂದ 10 ಸಂಖ್ಯೆ ಮುಂದೆ ಓಡುತ್ತಿತ್ತು. ತಪ್ಪಿದ್ದು ಯಂತ್ರವಲ್ಲ, ನನ್ನ ಗಡಿಯಾರ.

ಈ ಲೆಕ್ಕದ ಕ್ರಮವನ್ನು 2011ರಲ್ಲಿ ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿದ್ದಾರೆ. ಆರ್‌ಎಫ್‌ಸಿ 6238 ಎಂದು ಅದರ ಹೆಸರು. ಅದು ನಾನು ನಿವೃತ್ತನಾದ ವರ್ಷ. ಕ್ರಮ ಎಲ್ಲರಿಗೂ ಗೊತ್ತಿದ್ದರೂ ತೊಂದರೆಯಿಲ್ಲ, ಕೀ ಒಂದು ಗುಟ್ಟಾಗಿದ್ದರೆ ಸಾಕು. ಆದ್ದರಿಂದ ಮಕ್ಕಳೇ, ಆ ಕ್ಯೂಆರ್ ಚೌಕದ ಫೋಟೋ ತೆಗೆದು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಅದು ಯಾರ ಕೈಗೆ ಸಿಕ್ಕಿತೋ ಅವರ ಫೋನಿನಲ್ಲೂ ನಿಮ್ಮದೇ ಸಂಖ್ಯೆ ಬರುತ್ತದೆ.

ಆ ಸಂಜೆ ನಾವು ಒಂದು ಆಟ ಆಡಿದೆವು. ನೀವೂ ಆಡಿ. ಪುಟ್ಟಿಗೂ ನನಗೂ ಒಂದೇ ಗುಟ್ಟಿನ ಸಂಖ್ಯೆ: 437. ಅವಳು ಒಳಕೋಣೆಯಲ್ಲಿ, ನಾನು ಜಗುಲಿಯಲ್ಲಿ. ನಿಮಿಷಕ್ಕೊಮ್ಮೆ ಗಡಿಯಾರ ನೋಡಿ, ಸಮಯವನ್ನು ಗುಟ್ಟಿನಿಂದ ಗುಣಿಸಿ, ಕೊನೆಯ ಮೂರು ಅಂಕಿ ಚೀಟಿಯಲ್ಲಿ ಬರೆಯುವುದು. 7-25 ಆಗಿದ್ದರೆ 725 ಎಂದು ಹಿಡಿಯಬೇಕು. 437ನ್ನು 725ರಿಂದ ಗುಣಿಸಿದರೆ 3,16,825. ಚೀಟಿಯಲ್ಲಿ 825. ನಮ್ಮಾಕೆ ನಡುಮನೆಯಲ್ಲಿ ಕೂತು ಇಬ್ಬರ ಚೀಟಿ ತಾಳೆ ನೋಡುವುದು. 7-26ಕ್ಕೆ ಇಬ್ಬರದೂ 262. 7-27ಕ್ಕೆ ಇಬ್ಬರದೂ 699. ಒಬ್ಬರಿಗೊಬ್ಬರು ಮಾತೇ ಆಡದೆ ಒಂದೇ ಉತ್ತರ! ನಮ್ಮಾಕೆಗೆ ಖುಷಿಯೋ ಖುಷಿ.

ಅಷ್ಟರಲ್ಲಿ ಅಜ್ಜಿಯ ಪಕ್ಕದಲ್ಲಿ ಕೂತಿದ್ದ ಆರನೆಯ ತರಗತಿಯ ಮೊಮ್ಮಗ ಕೂಗಿದ: “ಮುಂದಿನದು 136! ನಿಮ್ಮ ಗುಟ್ಟು 437!”

ಅವನಿಗೆ ನಾವು ಗುಟ್ಟು ಹೇಳಿರಲಿಲ್ಲ. ಅವನು 699ರಲ್ಲಿ 262 ಕಳೆದಿದ್ದ. 437 ಬಂದಿತ್ತು. ಅದನ್ನೇ 699ಕ್ಕೆ ಕೂಡಿಸಿದರೆ 1,136, ಕೊನೆಯ ಮೂರು ಅಂಕಿ 136. ನೋಡಿದರೆ 7-28ರ ಉತ್ತರ ಅದೇ! ಬಿ.ಕಾಂ. ಓದಿದ ನನ್ನ ಬೀಗವನ್ನು ಆರನೆಯ ತರಗತಿ ಎರಡು ನಿಮಿಷದಲ್ಲಿ ಒಡೆದಿತ್ತು.

“ಅದಕ್ಕೇ ತಾತ, ನಿಜವಾದ ಆ್ಯಪ್ ಬರೀ ಗುಣಾಕಾರ ಮಾಡಲ್ಲ,” ಎಂದಳು ಪುಟ್ಟಿ. ಅದು ಹಿಂದಕ್ಕೆ ಬಿಡಿಸಲಾಗದ ಹಾಗೆ ಅಂಕಿಗಳನ್ನು ಅರೆದುಬಿಡುತ್ತದಂತೆ. ಇದನ್ನು ನಮ್ಮಾಕೆ ನನಗಿಂತ ಬೇಗ ಅರ್ಥ ಮಾಡಿಕೊಂಡಳು. “ಚಟ್ನಿ ಹಾಗೆ ಅನ್ನು. ಅದೇ ಕಾಯಿ, ಅದೇ ಮೆಣಸಿನಕಾಯಿ, ಅದೇ ಉಪ್ಪು ಹಾಕಿ ರುಬ್ಬಿದ್ರೆ ಎರಡು ಮನೇಲೂ ಅದೇ ಚಟ್ನಿ. ಆದ್ರೆ ಚಟ್ನಿಯಿಂದ ಕಾಯಿ ವಾಪಸ್ ತೆಗೆಯೋಕಾಗಲ್ಲ.” ಅದರಿಂದಾಗಿಯೇ ಹಿಂದಿನ ಸಂಖ್ಯೆಗಳನ್ನು ನೋಡಿದವರಿಗೂ ಮುಂದಿನದು ಸಿಗುವುದಿಲ್ಲ. ಸುಮ್ಮನೆ ಊಹಿಸುತ್ತೇನೆ ಎಂದರೆ ಆರು ಅಂಕಿಗಳಲ್ಲಿ 10 ಲಕ್ಷ ಸಂಖ್ಯೆಗಳಿವೆ.

ಇನ್ನೊಂದು ಪ್ರಯೋಗ. ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ ಆ್ಯಪ್ ನೋಡಿ. ಸಿಮ್ ಇಲ್ಲ, ಇಂಟರ್ನೆಟ್ ಇಲ್ಲ, ಆದರೂ ಸಂಖ್ಯೆ ಬದಲಾಗುತ್ತಲೇ ಇರುತ್ತದೆ. ಲೆಕ್ಕಕ್ಕೆ ಬೇಕಾದದ್ದು ಕೀ ಮತ್ತು ಗಡಿಯಾರ, ಎರಡೂ ಫೋನಿನಲ್ಲೇ ಇವೆ. ಸಿಗ್ನಲ್ ಇಲ್ಲದ ತೋಟದ ಮನೆಯಲ್ಲೂ ಇದು ಕೆಲಸ ಮಾಡುವುದು ಇದಕ್ಕೇ.

ಎಲ್ಲ ಮುಗಿಯಿತು ಎಂದು ಏಳುತ್ತಿದ್ದೆ. ಆಗ ನನ್ನೊಳಗಿನ ಹಳೆಯ ಕ್ಯಾಷಿಯರ್ ಕೇಳಿದ: ಬೀಗದಕೈ ಕಳೆದುಹೋದರೆ?

ಫೋನು ಬಾವಿಗೆ ಬಿದ್ದರೆ, ಬಸ್ಸಿನಲ್ಲಿ ಕಳುವಾದರೆ, ಕಳ್ಳನಿಗೆ ಹಾಕಿದ ಬೀಗ ನನಗೇ ಬೀಳುತ್ತದೆ. ಪುಟ್ಟಿ ತಟ್ಟನೆ, “ನನ್ನ ಫೋನಲ್ಲೂ ಹಾಕ್ಕೊಂಡಿರ್ತೀನಿ ತಾತ,” ಎಂದಳು. ಬೇಡ ಎಂದೆ. ಅವಳ ಮೇಲೆ ಅಪನಂಬಿಕೆಯಿಂದಲ್ಲ. ನಾವು ಬ್ಯಾಂಕಿನಲ್ಲಿ ಬೀಗದಕೈಯನ್ನು ಒಬ್ಬರಿಗೊಬ್ಬರು ಕೊಡುವಾಗ ರಿಜಿಸ್ಟರಿನಲ್ಲಿ ಸಹಿ ಮಾಡಿ ಕೊಡುತ್ತಿದ್ದೆವು. ಸಹಿ ಮಾಡಿದವನದು ಹೊಣೆ. ಇಷ್ಟು ಚಿಕ್ಕ ಹುಡುಗಿಯ ಮೇಲೆ ಆ ಹೊಣೆ ಯಾಕೆ?

ಇದಕ್ಕೂ ದಾರಿ ಇದೆ. ಐದನೆಯ ಹೆಜ್ಜೆ ಅದೇ, ಜನ ಬಿಟ್ಟುಬಿಡುವುದೂ ಅದನ್ನೇ. ಅದೇ ಪುಟದಲ್ಲಿ ಬ್ಯಾಕಪ್ ಕೋಡ್ ಎಂದಿರುತ್ತದೆ. ಒತ್ತಿದರೆ ಎಂಟೆಂಟು ಅಂಕಿಯ 10 ಸಂಖ್ಯೆ ಕೊಡುತ್ತದೆ. ಫೋನು ಇಲ್ಲದಾಗ ಪಾಸ್‌ವರ್ಡ್ ಜೊತೆಗೆ ಇವುಗಳಲ್ಲಿ ಒಂದನ್ನು ಹಾಕಿ ಒಳಗೆ ಹೋಗಬಹುದು. ಒಂದು ಸಂಖ್ಯೆ ಒಮ್ಮೆಗೆ ಮಾತ್ರ. ಉಪಯೋಗಿಸಿದ್ದನ್ನು ಗೀಟು ಎಳೆದು ಹೊಡೆದುಹಾಕಬೇಕು. ಹೊಸ ಪಟ್ಟಿ ತೆಗೆದರೆ ಹಳೆಯ ಪಟ್ಟಿ ರದ್ದಾಗುತ್ತದೆ.

ಇದನ್ನು ಎಲ್ಲಿಡಬೇಕು? ಫೋನಿನಲ್ಲೇ ಇಟ್ಟರೆ ಫೋನಿನ ಜೊತೆಗೇ ಹೋಗುತ್ತದೆ. ಬ್ಯಾಂಕಿನಲ್ಲಿ ತಿಜೋರಿಯ ಡೂಪ್ಲಿಕೇಟ್ ಬೀಗದಕೈಗಳನ್ನು ಅದೇ ಶಾಖೆಯಲ್ಲಿ ಇಡುತ್ತಿರಲಿಲ್ಲ. ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ, ಅಂಟಿನ ಮೇಲೆ ಸಹಿ ಮಾಡಿ ಬೇರೆ ಶಾಖೆಯಲ್ಲಿ ಇಡುತ್ತಿದ್ದೆವು. ನಾನೂ ಆ 10 ಸಂಖ್ಯೆಗಳನ್ನು ಕಾಗದದ ಮೇಲೆ ಬರೆದೆ. ಒಂದೊಂದು ಅಂಕಿಯನ್ನೂ ಪುಟ್ಟಿಯಿಂದ ಓದಿಸಿ ಟಿಕ್ ಹಾಕಿದೆ. ಒಂದು ಪ್ರತಿ ನಮ್ಮ ಬೀರುವಿನಲ್ಲಿ. ಅದು ಎಲ್ಲಿದೆ ಎಂದು ನಮ್ಮಾಕೆಗೆ ಹೇಳಿದ್ದೇನೆ. ನಮ್ಮ ವಯಸ್ಸಿನವರು ಇದನ್ನು ಮನೆಯಲ್ಲಿ ಒಬ್ಬರಿಗಾದರೂ ಹೇಳಿಡಬೇಕು. ಇನ್ನೊಂದು ಪ್ರತಿಗೆ ಬೇರೆ ಶಾಖೆ ಬೇಕಾಗಿತ್ತು. ಅದು ಯಾವುದೆಂದು ಆಮೇಲೆ ಹೇಳುತ್ತೇನೆ.

ಮೊದಲು ಮೂರು ಎಚ್ಚರಿಕೆ. ಒಂದು, ಆ ಆರು ಅಂಕಿಯನ್ನು ಫೋನಿನಲ್ಲಿ ಯಾರು ಕೇಳಿದರೂ ಹೇಳಬೇಡಿ. ಬ್ಯಾಂಕಿನವರೇ ಎಂದರೂ, ಪೊಲೀಸರೇ ಎಂದರೂ ಅಷ್ಟೇ. ಎರಡು, ಎರಡನೆಯ ಬೀಗ ಇದೆ ಎಂದು ಕಣ್ಣು ಮುಚ್ಚಬೇಡಿ. ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಿ, ನಿಜದ ಹಾಗೇ ಕಾಣುವ ಸುಳ್ಳು ಪುಟದಲ್ಲಿ ನೀವೇ ಪಾಸ್‌ವರ್ಡನ್ನೂ ಸಂಖ್ಯೆಯನ್ನೂ ಟೈಪ್ ಮಾಡಿದರೆ, ಕಳ್ಳನಿಗೆ ಆ 30 ಸೆಕೆಂಡೇ ಸಾಕು. ನಾವೇ ಎರಡೂ ಬೀಗದಕೈ ಕೊಟ್ಟಂತೆ. ಮೂರು, ಹೊಸ ಫೋನು ಕೊಂಡಾಗ ಆ್ಯಪಿನಲ್ಲಿರುವುದನ್ನು ಅದಕ್ಕೆ ವರ್ಗಾಯಿಸಿ, ಕೆಲಸ ಮಾಡುತ್ತಿದೆ ಎಂದು ನೋಡಿದ ಮೇಲೆಯೇ ಹಳೆಯದನ್ನು ಅಂಗಡಿಗೆ ಕೊಡಿ.

ಎಲ್ಲಕ್ಕಿಂತ ಮೊದಲು ಮೇಲ್ ಖಾತೆಗೇ ಈ ಬೀಗ ಹಾಕಿ. ಏಕೆಂದರೆ ಬೇರೆ ಯಾವ ಖಾತೆಯ ಪಾಸ್‌ವರ್ಡ್ ಮರೆತರೂ ಹೊಸದಕ್ಕೆ ದಾರಿ ಬರುವುದು ಮೇಲ್‌ಗೆ. ಅದು ಬೀಗದಕೈಗಳನ್ನೆಲ್ಲ ನೇತುಹಾಕಿದ ಗೂಟ.

ಮುಂದಿನ ಭಾನುವಾರ ಪುಟ್ಟಿಯನ್ನು ಕರೆದುಕೊಂಡು ಕುವೆಂಪುನಗರಕ್ಕೆ ಹೋದೆ. ಅಕೌಂಟೆಂಟ್ ಸಾರ್‌ಗೆ ಹೊಸ ಖಾತೆ ತೆರೆದು, ಎರಡನೆಯ ಬೀಗ ಹಾಕಿಕೊಟ್ಟೆವು. ಹಳೆಯ ಕಾಗದಗಳು ಬರಲಿಲ್ಲ, ಬರುವುದೂ ಇಲ್ಲ. ಅವರು ಆ ಬಗ್ಗೆ ಮಾತಾಡಲಿಲ್ಲ. ಹೊಸ ಖಾತೆಯಲ್ಲಿ ಮೊದಲು ಟೈಪ್ ಮಾಡಿದ್ದು, ಹೆಂಡತಿ ಬರೆಸಿದ್ದ ಕಾಗದಗಳಲ್ಲಿ ನೆನಪಿರುವ ನಾಲ್ಕೈದು ಸಾಲು. ಅದನ್ನು ಮಗನಿಗೂ ಮಗಳಿಗೂ ಕಳಿಸಿದರು.

ಆಮೇಲೆ ಅವರ 10 ಸಂಖ್ಯೆಗಳನ್ನು ಬರೆದು ಲಕೋಟೆಗೆ ಹಾಕಿ, ಅಂಟಿನ ಮೇಲೆ ಸಹಿ ಮಾಡಿ ನನ್ನ ಕೈಗೆ ಕೊಟ್ಟರು. ನಾನು ನನ್ನ ಲಕೋಟೆಯನ್ನು ಅವರಿಗೆ ಕೊಟ್ಟೆ. ಪಾಸ್‌ವರ್ಡ್ ಇಲ್ಲದೆ ಆ ಸಂಖ್ಯೆಗಳು ಅವರಿಗೂ ನನಗೂ ಬರೀ ಅಂಕಿ. ಅವರು ಒಂದು ನೋಟ್ ಪುಸ್ತಕ ತಂದು ತಾರೀಖು, ವೇಳೆ ಬರೆದು ನನ್ನಿಂದ ಸಹಿ ಹಾಕಿಸಿಕೊಂಡರು.

“ಪಾಸ್‌ವರ್ಡ್ ಮಾತ್ರ ನನಗೆ ಹೇಳಬೇಡಿ ಕ್ಯಾಷಿಯರ್ರೇ.”

“ನಾನು ಹೇಳೋನೂ ಅಲ್ಲ ಸಾರ್.”

ಪುಟ್ಟಿಗೆ ನಗು ತಡೆಯಲಾಗಲಿಲ್ಲ. ನಾವಿಬ್ಬರೂ ನಗಲಿಲ್ಲ. ಬೀಗದಕೈ ಕೊಡುವಾಗ ನಗುವ ರೂಢಿ ನಮಗಿರಲಿಲ್ಲ.

ಈ ವಾರದ ಲೆಕ್ಕ: ನಮ್ಮ ಆಟದಲ್ಲಿ ಗುಟ್ಟಿನ ಸಂಖ್ಯೆ 219, ಗಡಿಯಾರದಲ್ಲಿ 7-15. ಚೀಟಿಯಲ್ಲಿ ಬರೆಯಬೇಕಾದ ಮೂರು ಅಂಕಿ ಯಾವುದು? ಗಡಿಯಾರವನ್ನು 5 ನಿಮಿಷ ಮುಂದೆ ಇಟ್ಟ ತಾತ ಯಾವ ಅಂಕಿ ಬರೆಯುತ್ತಾನೆ? ಉತ್ತರ ಮುಂದಿನ ವಾರ.